ರೇಷ್ಮೆ ಹುಳುವಿನ ಗಂಟುರೋಗ

ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿ ಸೀಮೆಯಲ್ಲಿ ಹುಳು ಸಾಕುವ ರೈತರಿಗೆ ಸುಣ್ಣಕಟ್ಟು, ಹಾಲುತೊಂಡೆ ರೋಗಗಳ ಪರಿಚಯವು ಚೆನ್ನಾಗಿ ಉಂಟು. ಸುಣ್ಣಕಟ್ಟಿದ ಹುಳುವು ಸತ್ತು ಬೆಳ್ಳಗೆ ಗಟ್ಟಿಯಾಗುವುದು. ಹಾಲುತೊಂಡೆಯ ಹುಳುವು ಊದಿಕೊಂಡು ಹಾಲಿನಂತಹ ರಸವನ್ನು ಸುರಿಸುವುದು. ಇವು ಕಣ್ಣಿಗೆ ಬೀಳುವ ಶತ್ರುಗಳು. ಗಂಟುರೋಗವಾದರೋ ಮೊಟ್ಟೆಯೊಳಗೇ ಅಡಗಿ ಹುಳುಮನೆಯನ್ನು ಹೊಗುವಂತಹುದು.

ಇದಕ್ಕೆ ಕಾರಣವಾದ ಸೂಕ್ಷ್ಮಜೀವಿಯ ಹೆಸರು ನೊಸೆಮಾ ಬಾಂಬಿಸಿಸ್. ಇದರ ಬೀಜಕಣವು ಅಂಡಾಕಾರವುಳ್ಳದ್ದು. ಉದ್ದವು ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಪಾಲು ಮಾತ್ರ. ಸೊಪ್ಪಿನೊಡನೆ ಹುಳುವಿನ ಹೊಟ್ಟೆಯನ್ನು ಸೇರಿದ ಕಣವು, ತನ್ನೊಳಗೆ ಸುರುಳಿಯಾಗಿರುವ ಎಳೆಯನ್ನು ಹೊರಚಿಮ್ಮಿ, ಕರುಳಿನ ಜೀವಕೋಶವನ್ನು ಹೊಕ್ಕು ಬೆಳೆಯುವುದು. ಆಗ ಹುಳುಗಳು ಸಮನಾಗಿ ಬೆಳೆಯವು; ಕೆಲವು ಜ್ವರಕ್ಕೆ ಕುಳಿತಿರುವಾಗ ಕೆಲವು ಇನ್ನೂ ಮೇಯುತ್ತಿರುವುವು. ಕೆಲವುಗಳ ಮೈಮೇಲೆ ಮೆಣಸಿನ ಪುಡಿಯನ್ನು ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಕಾಣುವುವು. ಆದರೆ ತಡವಾಗಿ ಸೋಂಕು ತಗುಲಿದ ಹುಳುವು ಗೂಡನ್ನು ಕಟ್ಟಿ, ಚಿಟ್ಟೆಯಾಗಿ, ಮೊಟ್ಟೆಯನ್ನೂ ಇಡುವುದು. ಮೋಸವಿರುವುದು ಇಲ್ಲಿಯೇ. ನೋಡಲು ನಿರ್ದೋಷವಾದ ಆ ಮೊಟ್ಟೆಗಳಲ್ಲಿ ತಾಯಿಯ ರೋಗವು ಇಳಿದಿರುವುದು.

19ನೆಯ ಶತಮಾನದ ಮಧ್ಯದಲ್ಲಿ ಫ್ರಾನ್ಸ್ ದೇಶದ ರೇಷ್ಮೆ ಕಸುಬು ಈ ರೋಗದಿಂದ ನೆಲಕಚ್ಚಿತು. 1865ರಲ್ಲಿ ಈ ರೋಗದ ಪರಿಶೀಲನೆಗೆ ತೊಡಗಿದ ಲೂಯಿ ಪಾಶ್ಚರ್ ಅವರು ಅದುವರೆಗೆ ರೇಷ್ಮೆ ಹುಳುವನ್ನು ಮುಟ್ಟಿದವರೇ ಅಲ್ಲ. ಮೊಟ್ಟೆಗಿಂತ ತಾಯಿಚಿಟ್ಟೆಯನ್ನೇ ಪರೀಕ್ಷಿಸಬೇಕೆಂದು ಅವರು ತೋರಿಸಿಕೊಟ್ಟರು. ಒಂದೊಂದು ಚಿಟ್ಟೆಯಿಂದಲೂ ಬೇರೆ ಬೇರೆಯಾಗಿ ಮೊಟ್ಟೆ ಇಡಿಸಿ, ಬಳಿಕ ಆ ಚಿಟ್ಟೆಯನ್ನು ನೀರಿನಲ್ಲಿ ಅರೆದು, ರಸದ ತೊಟ್ಟನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುವುದು. ಕಣವು ಕಂಡರೆ ಅದರ ಮೊಟ್ಟೆಗಳನ್ನು ಸುಡುವುದು. ಇಂದಿಗೂ ಬಿತ್ತನೆ ಕೋಠಿಗಳ ಕೆಲಸಕ್ಕೆ ಇದೇ ಆಧಾರ. 1910ರ ದಶಕದಲ್ಲಿ ಮೈಸೂರು ಸರ್ಕಾರವು ಇಟಲಿಯ ತಜ್ಞರಾದ ವಾಷಿಂಗ್ಟನ್ ಮಾರಿಯವರನ್ನು ಕರೆಸಿ, ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರವನ್ನು ಸ್ಥಾಪಿಸಿತು.

ಪರೀಕ್ಷೆಯಾಗದ ಮೊಟ್ಟೆಯು ಅಗ್ಗವಾಗಿ ದೊರೆತೀತು. ಅದರಲ್ಲಿ ರೋಗವಿದ್ದರೆ ಸುಮಾರು ಇಪ್ಪತ್ತೈದು ದಿನಗಳ ಸೊಪ್ಪು, ಕೂಲಿ, ನಿದ್ದೆಗೇಡು ಎಲ್ಲವೂ ವ್ಯರ್ಥವಾಗುವುದಲ್ಲದೆ, ಹಿಕ್ಕೆಯೊಡನೆ ಬಿದ್ದ ಕಣಗಳು ಹುಳುಮನೆಯ ಧೂಳಿನಲ್ಲಿ ಜೀವ ಹಿಡಿದು ಮುಂದಿನ ಬೆಳೆಯನ್ನು ಕಾಯುತ್ತಿರುವುವು. ರೋಗವು ಕಂಡ ಕೂಡಲೇ ರೇಷ್ಮೆ ಇಲಾಖೆಯವರಿಗೆ ತಿಳಿಸಿ, ಆ ಹುಳುಗಳನ್ನೂ ಹಿಕ್ಕೆಯನ್ನೂ ಸುಟ್ಟು, ಮನೆ, ತಟ್ಟೆ, ಚಂದ್ರಿಕೆಗಳನ್ನು ತೊಳೆದು, ನೂರಕ್ಕೆ ಎರಡು ಪಾಲಿನ ಫಾರ್ಮಲಿನ್ ದ್ರಾವಣವನ್ನು ಸಿಂಪಡಿಸಿ, ಬಾಗಿಲು ಕಿಟಕಿಗಳನ್ನು ಒಂದು ದಿನ ಮುಚ್ಚಿಡತಕ್ಕದ್ದು. ಹಿಕ್ಕೆಯನ್ನು ಹಿಪ್ಪುನೇರಳೆ ತೋಟಕ್ಕೆ ಗೊಬ್ಬರವಾಗಿ ಚೆಲ್ಲಕೂಡದು. ಅಲ್ಲಿಂದ ಕಣಗಳು ಸೊಪ್ಪಿನ ಮೇಲೆ ಕುಳಿತು ಪುನಃ ಮನೆಗೆ ಬರುವುವು.