ಜೋಡಿಲ್ಲದ ಜೋಡು

"ಇದರ ಜೋಡಿ ಎಲ್ಲೈತ್ರಿ?" ಚಪ್ಪಲಿ ಹೊಲಿಯುವ ಮುದುಕ ಕೇಳಿದ. ಅವನ ಮುಂದೆ ಇದ್ದದ್ದು ಎಡಗಾಲಿನದೊಂದು ಕೊಲ್ಹಾಪುರಿ, ಬಲಗಾಲಿನದೊಂದು ನೀಲಿ ಪಟ್ಟಿಯ ಹವಾಯಿ.

"ಇವೆರಡೂ ಸೇರೇ ಒಂದು ಜೋಡು" ಎಂದರು ನನ್ನ ಜೊತೆಗಿದ್ದ ಹಾಸ್ಯ ಕಲಾವಿದರು.

ಮುದುಕ ನಗಲಿಲ್ಲ. ಕೊಲ್ಹಾಪುರಿಯ ಕಿತ್ತ ಉಂಗುಷ್ಟಕ್ಕೆ ನಾಲ್ಕು ಹೊಲಿಗೆ ಹಾಕಿ ಇಪ್ಪತ್ತು ರೂಪಾಯಿ ಇಸಿದುಕೊಂಡ. "ಇವತ್ತಿನ ಮೊದಲನೇ ಜೋಕ್ ಬಿತ್ತು ನೋಡ್ರಿ" ಎಂದು ಇವರು ನನ್ನ ಕಡೆ ತಿರುಗಿದರು. ಬೆಳಗಿನ ಹತ್ತು ಗಂಟೆ. ಸಂಜೆಯಿಂದ ನಡುರಾತ್ರಿಯವರೆಗೆ ಮೂರು ಆಟ ಬಾಕಿ ಇದ್ದವು.

ಬಾದಾಮಿಗೆ ಐದು ಕಿಲೋಮೀಟರ್ ದೂರದ ಚೊಳಚಗುಡ್ಡದಲ್ಲಿ ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆಯುತ್ತಾರೆ. ತೇರಿಗೆ ಮೊದಲು ಪಲ್ಲೇದ ಹಬ್ಬ, ದೇವಿಗೆ 108 ಬಗೆಯ ಪಲ್ಯದ ನೈವೇದ್ಯ. ತೇರು ಮುಗಿದರೂ ಜಾತ್ರೆ ಮುಗಿಯುವುದಿಲ್ಲ, ವಾರಗಟ್ಟಲೆ ನಡೆಯುತ್ತದೆ. ಸಾಗವಾನಿ ಬಾಗಿಲ ಚೌಕಟ್ಟು ಕೊಳ್ಳಲು ಬಂದವರು, ಬುಟ್ಟಿ ಹೊತ್ತ ಹೆಣ್ಣುಮಕ್ಕಳ ಹತ್ತಿರ ಕಡಕ್ ರೊಟ್ಟಿ, ಮೊಸರು, ಕೆಂಪು ಚಟ್ನಿ ಉಂಡವರು, ರಾತ್ರಿಯಾದರೆ ನಾಟಕದ ಥೇಟರಿನ ಕಡೆ ನಡೆಯುತ್ತಾರೆ. ಒಂದಲ್ಲ ಎರಡಲ್ಲ, ತಗಡಿನ ಗೋಡೆಗೆ ತಗಡಿನ ಗೋಡೆ ತಾಗುವಂತೆ ಸಾಲುಸಾಲು ಕಂಪನಿಗಳು. ಸುಗ್ಗಿಯ ದುಡ್ಡು ಕೈಗೆ ಬರುವ ಕಾಲ. ಇಲ್ಲಿ ಕಲೆಕ್ಷನ್ ಆದರೆ ಕಂಪನಿಯ ಸಾಲ ತೀರುತ್ತದೆ, ಇಲ್ಲದಿದ್ದರೆ ಮುಂದಿನ ಕ್ಯಾಂಪಿಗೆ ಸಾಮಾನು ಸಾಗಿಸುವ ಲಾರಿಯ ಬಾಡಿಗೆಗೂ ತತ್ವಾರ.

ನಾನು ಬಂದದ್ದು ಕಂಪನಿ ನಾಟಕದ ಬಗ್ಗೆ ಬರೆಯಲು. ಆ ಚಪ್ಪಲಿ ನೋಡಿದ ಮೇಲೆ ಬೇರೆ ಏನನ್ನೂ ಸರಿಯಾಗಿ ನೋಡಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಇವರು ರಂಗಕ್ಕೆ ಬರುವ ಮೊದಲು ಸದ್ದು ಬರುತ್ತದೆ. ಸೈಡ್‌ವಿಂಗಿನ ಹಿಂದೆ ಹಲಗೆಯ ಮೇಲೆ ನಾಲ್ಕು ಹೆಜ್ಜೆ: ಕೊಲ್ಹಾಪುರಿ 'ಕರ್' ಅನ್ನುತ್ತದೆ, ಹವಾಯಿ 'ಟಪ್' ಅನ್ನುತ್ತದೆ. ಕರ್, ಟಪ್, ಕರ್, ಟಪ್. ಆಮೇಲೆ ಸದ್ದಿಲ್ಲ. ಆ ನಿಲುಗಡೆಯಲ್ಲೇ ಮೊದಲ ನಗು ಇರುವುದಂತೆ. ಯಾರೂ ಕಾಣುತ್ತಿಲ್ಲ, ಮಾತು ಹುಟ್ಟಿಲ್ಲ, ಮಂದಿ ನಗುತ್ತಾರೆ. "ಮೂವತ್ತು ವರ್ಷದಿಂದ ಇದ ಎಂಟ್ರಿ. ಹವಾಯಿ ಹರಿದಂಗೆಲ್ಲಾ ಹೊಸಾದು ತಂದೀನಿ. ಕೊಲ್ಹಾಪುರಿ ಮಾತ್ರ ಅದ. ಹೊಸಾದಕ್ಕ ಈ ದನಿ ಬರೂದಿಲ್ರಿ."

ಈಗ ಆ ದನಿ ಯಾರಿಗೂ ಕೇಳುವುದಿಲ್ಲ. ರಿದಮ್ ಪ್ಯಾಡಿನ ಹುಡುಗ ಹಾಸ್ಯಪಾತ್ರ ಬರುತ್ತಲೇ 'ಢುಂಯ್' ಅನ್ನಿಸುತ್ತಾನೆ. ಬಾರಿಸಬೇಡ ಎಂದರೆ, ಮಂದಿಗೆ ನೀವು ಬಂದದ್ದು ಗೊತ್ತಾಗಬೇಕಲ್ಲ ಕಾಕಾ ಅನ್ನುತ್ತಾನೆ. ಅವನದೂ ತಪ್ಪೆನ್ನಲಾಗದು. ಪಕ್ಕದ ಥೇಟರಿನಲ್ಲಿ ಅದೇ ಹೊತ್ತಿಗೆ ರೆಕಾರ್ಡ್ ಡಾನ್ಸ್ ನಡೆದಿರುತ್ತದೆ.

ಇತಿಹಾಸವನ್ನು ಮಧ್ಯಾಹ್ನ, ಗಿರಮಿಟ್ ತಿನ್ನುತ್ತ, ಪೇಟಿ ಮಾಸ್ತರರು ಹೇಳಿದರು. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಮರಾಠಿ ನಾಟಕ ಆಡಿಸಿದ್ದು, ಮುಂದೆ ಮರಾಠಿ ಕಂಪನಿಗಳ ಅಬ್ಬರ ಕಂಡು 1870ರ ದಶಕದಲ್ಲಿ ಗದಗಿನಲ್ಲಿ ಶಾಂತಕವಿಗಳು ಕನ್ನಡ ಮಂಡಳಿ ಕಟ್ಟಿದ್ದು, ಅತ್ತ ಹಳೇ ಮೈಸೂರಿನಲ್ಲಿ 1884ಕ್ಕೆ ಗುಬ್ಬಿ ಕಂಪನಿ ಹುಟ್ಟಿದ್ದು, ಎಲ್ಲ ಒಂದೇ ಉಸಿರಿಗೆ. ಅವರು ನಿಂತದ್ದು ಗುಬ್ಬಿ ವೀರಣ್ಣನವರ ಹೆಸರಿಗೆ. 'ಸದಾರಮೆ'ಯ ಕಳ್ಳನಾಗಿ ನಾಡನ್ನೇ ನಗಿಸಿದವರು. "ಆಗ ನಗಸಾಂವನ ಮಾಲಕ ಇದ್ದ. ಈಗ ಮಾಲಕರು ನಗೂದೇ ಇಲ್ಲ" ಎಂದು ಪೇಟಿಯ ಭಾತೆ ಒತ್ತಿದರು. ಮಾಲೀಕರು ಅಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ನಿಜಕ್ಕೂ ನಗಲಿಲ್ಲ.

ನಾಟಕದ ಹಸ್ತಪ್ರತಿ ನೋಡಿದೆ. ನಾಯಕನಿಗೆ ಪುಟಗಟ್ಟಲೆ ಮಾತು. ಇವರ ಪಾಲಿಗೆ ಏಳೆಂಟು ಕಡೆ ಎರಡೇ ಪದ: 'ಇಲ್ಲಿ ಹಾಸ್ಯ'. ಉಳಿದದ್ದು ಇವರ ತಲೆಯಲ್ಲಿ. ಮಾಸ್ಟರ್ ಹಿರಣ್ಣಯ್ಯನವರು ಅವತ್ತಿನ ಸುದ್ದಿಯನ್ನು ಅವತ್ತೇ 'ಲಂಚಾವತಾರ'ಕ್ಕೆ ಸೇರಿಸುತ್ತಿದ್ದರಲ್ಲ, ಹಾಗೆ ಇವರೂ ಬೆಳಿಗ್ಗೆ ಜಾತ್ರೆ ಸುತ್ತಿ ಒಂದೆರಡು ಮಾತು ಹೆಕ್ಕುತ್ತಾರೆ. ಕಷ್ಟ ಇರುವುದು ಹೆಕ್ಕಿದ್ದನ್ನು ಉಳಿಸಿಕೊಳ್ಳುವುದರಲ್ಲಿ. "ಮೊದಲ ಒಂದು ಜೋಕ್ ಹತ್ತು ವರ್ಷ ಬಾಳತಿತ್ತು. ಇಲ್ಲಿಂದ ಶಿರಸಿ ಜಾತ್ರಿಗೆ ಅದು ಹೋಗಬೇಕಂದ್ರ ನಮ್ಮ ಲಾರಿನ ಹತ್ತಬೇಕಿತ್ತು. ಈಗ ಮುಂದಿನ ಸಾಲಿನ್ಯಾಗ ಕೂತಾಂವ ಮೊಬೈಲ್ ಹಿಡೀತಾನ. ನಾವು ಪರದೆ ಬಿಚ್ಚೂದ್ರೊಳಗ ಜೋಕ್ ಆ ಊರು ಮುಟ್ಟಿರ್ತೈತಿ."

ಹಾಸ್ಯಕ್ಕೆ ಜೋಡಿ ಬೇಕು. ಇವರ ಜೋಡಿಯಾಗಿದ್ದ ಹುಡುಗ ಹೋದ ವರ್ಷ ಟಿವಿ ಕಡೆ ಹೋದ. ಈಗ ಬಂದಿರುವವನು ಡಬಲ್ ಮೀನಿಂಗ್ ಮಾತಿನಲ್ಲಿ ಚುರುಕು, ಸಿಳ್ಳೆ ಅವನಿಗೇ ಬೀಳುತ್ತದೆ. ಕಂಪನಿ ನಾಟಕ ಅಂದರೆ ಅಶ್ಲೀಲ ಎಂದು ಮೂಗು ಮುರಿಯುವ ನಮ್ಮಂಥವರು ಎಷ್ಟು ಜನ ಟಿಕೀಟು ಕೊಂಡು ಕೂತಿದ್ದೇವೆ? ಗಲ್ಲೆ ತುಂಬಿಸುವವರಿಗೆ ಬೇಕಾದದ್ದನ್ನು ಮಾಲೀಕರು ಕೇಳುತ್ತಾರೆ. ಇವರು ಕೊಡುತ್ತಾರೆ, ಅರ್ಧ ಮನಸ್ಸಿನಿಂದ. ಆ ಅರ್ಧ ಮನಸ್ಸು ಮಂದಿಗೆ ಕಂಡುಬಿಡುತ್ತದೆ.

ಬಣ್ಣ ಹಚ್ಚುವುದು ಹತ್ತು ನಿಮಿಷದ ಕೆಲಸ. ಕೊಬ್ಬರಿ ಎಣ್ಣೆ, ಸಫೇದ, ಮೂಗಿನ ತುದಿಗೆ ಕುಂಕುಮದ ಬೊಟ್ಟು. ನಾಂದಿ, ಬೆಲ್ಲು, ಪರದೆ.

ಸಂಜೆಯ ಆಟಕ್ಕೆ ಖುರ್ಚಿ ಅರ್ಧ ಖಾಲಿ. ತಗಡಿನ ಆಚೆಯಿಂದ ಪಕ್ಕದ ಥೇಟರಿನ ನಗು ಅಲೆಯಂತೆ ಬರುತ್ತಿತ್ತು. ನಮ್ಮ ಪ್ರೇಕ್ಷಕರೂ ಅತ್ತ ಕಿವಿ ಕೊಡುತ್ತಿದ್ದರು. ಆಗ ಇವರು ಮಾಡಿದ್ದನ್ನು ಇನ್ನೆಲ್ಲೂ ನೋಡಿಲ್ಲ. ತಮ್ಮ ಮಾತನ್ನು ಗಂಟಲಲ್ಲೇ ಹಿಡಿದು, ಆ ನಗು ಏರಿ ಇಳಿಯುವ ತನಕ ಹವಾಯಿಯ ಪಟ್ಟಿ ಸರಿಮಾಡಿಕೊಳ್ಳುತ್ತ ಕಾದರು. ಅದು ತಗ್ಗುತ್ತಲೇ ತಗಡಿನ ಕಡೆ ತಿರುಗಿ, "ಆತೇನ್ರೆಪಾ ನಿಮ್ಮದು? ಇನ್ ನಾ ಮಾತಾಡ್ಲ್ಯಾ?" ಅಂದರು. ಇಡೀ ಮಂಟಪ ನಕ್ಕಿತು. ಅರ್ಧ ಮಂಟಪ, ಅನ್ನಬೇಕು.

ನಡುರಾತ್ರಿಯ ಆಟದಲ್ಲಿ ಅದೇ ಮಾತು ಬಿತ್ತು, ನಗು ಏಳಲಿಲ್ಲ. ಆ ಹೊತ್ತಿಗೆ ಪಕ್ಕದಲ್ಲಿ ನಾಯಕಿ ಅಳುತ್ತಿದ್ದಳು.

ಮೂರೂವರೆಗೆ ಪರದೆ ಬಿತ್ತು. ಟ್ರಂಕಿನ ಮೇಲೆ ಕೂತು, ಹಳೇ ಲುಂಗಿಯ ತುದಿಗೆ ಎಣ್ಣೆ ಅದ್ದಿ ಮುಖದ ಬಣ್ಣ ತೆಗೆದರು. ಹವಾಯಿಯನ್ನು ಕೆಳಗೇ ಬಿಟ್ಟು, ಕೊಲ್ಹಾಪುರಿಯನ್ನು ಮಾತ್ರ ಪೇಪರಿನಲ್ಲಿ ಸುತ್ತಿ ಒಳಗಿಟ್ಟರು.

"ಬಾಜೂದವರು ಹೌಸ್‌ಫುಲ್ ಬೋರ್ಡ್ ಹಾಕಿದ್ರೇನ್ರಿ, ಸರ?"

ಮೂರೂ ಆಟಕ್ಕೆ ಹಾಕಿದ್ದರು. ನಾನು ನೋಡಿದ್ದೆ.

"ಕತ್ತಲದಾಗ ಕಾಣಲಿಲ್ರಿ" ಅಂದೆ.