ನಲವತ್ತೆಂಟು ಆಂಪಿಯರ್

ಆಟದ ಕಂಪ್ಯೂಟರೊಂದನ್ನು ತಾನೇ ಜೋಡಿಸಹೊರಟ ವಿದ್ಯಾರ್ಥಿಯೊಬ್ಬನು ಬಿಡಿಭಾಗಗಳ ಪಟ್ಟಿಯನ್ನು ನನಗೆ ತೋರಿಸಿದನು. ಗ್ರಾಫಿಕ್ಸ್ ಕಾರ್ಡು 2025ರಲ್ಲಿ ಹೊರಬಂದ ಆರ್‌ಟಿಎಕ್ಸ್ 5090. ಪವರ್ ಸಪ್ಲೈ ಮಾತ್ರ 650 ವ್ಯಾಟಿನ ಅಗ್ಗದ ಮಾಲು! ಉಳಿತಾಯ ಕೆಲವು ಸಾವಿರ; ಪಣಕ್ಕಿಟ್ಟುದು ಲಕ್ಷಗಟ್ಟಲೆ ಬೆಲೆಯ ಕಾರ್ಡನ್ನು.

ಲೆಕ್ಕವನ್ನು ನೋಡೋಣ. ಕಾರ್ಡಿಗೆ 575 ವ್ಯಾಟು, ಪ್ರೊಸೆಸರಿಗೆ 120. ಒಟ್ಟು 700ರ ಸಮೀಪ. ಆದರೂ ತಯಾರಕರು 1000 ವ್ಯಾಟನ್ನು ಸೂಚಿಸುವುದೇಕೆ? ಕಾರ್ಡು ಕ್ಷಣಮಾತ್ರ ತನ್ನ ಪಾಲಿಗಿಂತ ಬಹಳ ಹೆಚ್ಚು ಶಕ್ತಿಯನ್ನು ಸೆಳೆಯುವುದುಂಟು.

ಇನ್ನು ಕೊಂಡಿಯ ವಿಚಾರ. ಒದಗುವುದು 12 ವೋಲ್ಟಿನಲ್ಲಾದುದರಿಂದ ಪ್ರವಾಹವು ಸುಮಾರು 48 ಆಂಪಿಯರ್. ನಮ್ಮ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆಯಾದರೋ 230 ವೋಲ್ಟಿನಲ್ಲಿ ಐದನ್ನೂ ಮುಟ್ಟದು! ಈ 48 ಆಂಪಿಯರ್ ಆರು ತಂತಿಗಳಲ್ಲಿ ಹಂಚಿ ಹರಿಯಬೇಕು. ಕೊಂಡಿಯು ಓರೆಯಾಗಿ ಕುಳಿತು ಕೆಲವು ಸಂಪರ್ಕಗಳ ರೋಧವು ಹೆಚ್ಚಿತೆನ್ನಿ. ಅವುಗಳ ಪಾಲು ಉಳಿದವುಗಳ ಮೇಲೆ ಬೀಳುತ್ತದೆ. ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣವಷ್ಟೆ. ಪ್ರವಾಹವು ಇಮ್ಮಡಿಸಿದರೆ ಉಷ್ಣವು ನಾಲ್ಮಡಿ. 2022ರಲ್ಲಿ ಕೆಲವು 4090 ಕಾರ್ಡುಗಳ ಕೊಂಡಿಗಳು ಕರಗಿದುವು. ಪೂರ್ತಿ ಕೂರದಿದ್ದುದೇ ಒಂದು ಕಾರಣವೆಂದು ತಯಾರಕರು ತಿಳಿಸಿದರು.

ವಿದ್ಯಾರ್ಥಿಯು ಪಟ್ಟಿಯಿಂದ ಬಣ್ಣದ ದೀಪಗಳನ್ನು ಹೊಡೆದುಹಾಕಿ, 1000 ಎಂದು ಬರೆದುಕೊಂಡನು.