ಊರ್ ನಗರದ ರಾಜಸಮಾಧಿಗಳ ಸಾಕ್ಷ್ಯ

ಇಂದಿನ ಇರಾಕಿನ ದಕ್ಷಿಣ ಭಾಗದಲ್ಲಿ, ಯೂಫ್ರಟೀಸ್ ನದಿಯ ಹಳೆಯ ಪಾತ್ರದ ಬಳಿ, ಸುಮೇರಿಯನ್ನರ ಊರ್ ಎಂಬ ಪುರಾತನ ನಗರದ ಅವಶೇಷಗಳಿವೆ. ಬ್ರಿಟಿಷ್ ಮ್ಯೂಸಿಯಂ ಹಾಗೂ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಂ ಕೂಡಿ ಕಳುಹಿಸಿದ ತಂಡದ ನಾಯಕರಾಗಿ 1922ರಿಂದ 1934ರವರೆಗೆ ಅಲ್ಲಿ ಉತ್ಖನನ ನಡೆಸಿದ ಲಿಯೊನಾರ್ಡ್ ವೂಲಿಯವರು, ಸುಮಾರು 4,500 ವರ್ಷಗಳಷ್ಟು ಪ್ರಾಚೀನವಾದ ಸಮಾಧಿಭೂಮಿಯೊಂದನ್ನು ಬೆಳಕಿಗೆ ತಂದರು. ಅಲ್ಲಿ ದೊರೆತ ಸುಮಾರು 1,800 ಸಮಾಧಿಗಳಲ್ಲಿ ಅವರು ರಾಜಸಮಾಧಿಗಳೆಂದು ಗುರುತಿಸಿದವು ಕೇವಲ 16.

ಸಾಮಾನ್ಯನ ಶವವು ಚಾಪೆಯ ಸುತ್ತಿನೊಳಗೆ ನಾಲ್ಕಾರು ಮಡಕೆಗಳೊಡನೆ ಮಣ್ಣುಗೂಡಿದ್ದರೆ, ಪುಅಬಿ ಎಂಬ ರಾಣಿಯ ಶಿರದ ಮೇಲೆ ಚಿನ್ನದ ಎಲೆಗಳ ಕಿರೀಟವೂ, ಆಫ್ಘಾನಿಸ್ತಾನದ ಗಣಿಗಳಿಂದ ಬಂದ ರಾಜಾವರ್ತವೆಂಬ ನೀಲಶಿಲೆಯ ಮಣಿಗಳೂ ಶೋಭಿಸುತ್ತಿದ್ದವು. ಸಿಂಧೂ ಕಣಿವೆಯ ಕುಶಲಿಗಳು ಕೊರೆದಂಥ ಕೆಂಬಣ್ಣದ ಮಣಿಗಳೂ ಈ ಸಮಾಧಿಭೂಮಿಯಲ್ಲಿ ದೊರೆತಿವೆ. ದೂರದೇಶಗಳ ಶ್ರಮವೆಲ್ಲ ಕೆಲವೇ ಮನೆತನಗಳ ಪಾಲಾಗಿದ್ದಿತೆಂಬುದಕ್ಕೆ ಇದಕ್ಕಿಂತ ಸ್ಫುಟವಾದ ಪ್ರಮಾಣವು ಬೇಕಿಲ್ಲ.

ಆದರೆ ಆ ಮನೆತನಗಳು ತಮ್ಮೊಡನೆ ಒಯ್ದದ್ದು ಒಡವೆಯನ್ನಷ್ಟೇ ಅಲ್ಲ, ಜೀವಗಳನ್ನೂ ಸಹ. ವೂಲಿಯವರು ಮಹಾಮರಣಕೂಪವೆಂದು ಹೆಸರಿಟ್ಟ ಒಂದೇ ಗುಂಡಿಯಲ್ಲಿ 74 ಮಂದಿಯ ಅಸ್ಥಿಗಳು ಸಾಲುಸಾಲಾಗಿ ಇದ್ದವು. ಅವರಲ್ಲಿ 68 ಮಂದಿ ಸ್ತ್ರೀಯರು. ಒಬ್ಬ ಯುವತಿಯ ಬೆಳ್ಳಿಯ ಕೇಶಪಟ್ಟಿಯು ಮುಡಿಗೇರದೆ ಸೊಂಟದ ಬಳಿ ಸುರುಳಿಯಾಗಿಯೇ ಉಳಿದಿದ್ದಿತು. ಅದನ್ನು ಧರಿಸಲು ಅವಳಿಗೆ ಸಮಯ ಸಾಲದೆ ಹೋಯಿತೆಂದು ವೂಲಿಯವರು ಊಹಿಸಿದರು. ಒಡೆಯನನ್ನು ಪರಲೋಕದಲ್ಲಿಯೂ ಸೇವಿಸುವ ಶ್ರದ್ಧೆಯಿಂದ ಈ ಪರಿಚಾರಕರು ಸ್ವಂತ ಇಚ್ಛೆಯಿಂದಲೇ ವಿಷಪಾನ ಮಾಡಿ ಶಾಂತವಾಗಿ ಮಲಗಿದರೆಂಬುದು ಅವರ ಅಭಿಪ್ರಾಯವಾಗಿತ್ತು.

ದಶಕಗಳ ತರುವಾಯ, ಪೆನ್ಸಿಲ್ವೇನಿಯಾದಲ್ಲಿ ಉಳಿದಿದ್ದ ಎರಡು ತಲೆಬುರುಡೆಗಳನ್ನು, ಎಂದರೆ ಒಬ್ಬ ಸೈನಿಕನದನ್ನೂ ಒಬ್ಬ ಪರಿಚಾರಿಕೆಯದನ್ನೂ, ಸಿ.ಟಿ. ಸ್ಕ್ಯಾನ್ ಯಂತ್ರಕ್ಕೆ ಒಡ್ಡಿದಾಗ, ಮೊನಚಾದ ಆಯುಧದ ಪೆಟ್ಟಿನಿಂದ ಬಿದ್ದ ರಂಧ್ರಗಳು ಗೋಚರಿಸಿದವು. ಶವವು ಬೇಗನೆ ಕೊಳೆಯದಂತೆ ಬಿಸಿ ತಗುಲಿಸಿದ, ಪಾದರಸ ಬಳಸಿದ ಕುರುಹುಗಳೂ ಕಂಡುಬಂದವು. ಎರಡು ಬುರುಡೆಗಳಿಂದ ಎಲ್ಲರ ಮರಣವನ್ನೂ ನಿರ್ಣಯಿಸುವುದು ಯುಕ್ತವಲ್ಲವಾದರೂ, ಆ ಇಬ್ಬರ ಮಟ್ಟಿಗೆ ಶಾಂತಮರಣದ ಕಲ್ಪನೆಯು ನಿಲ್ಲಲಾರದು.

ಸಂಪತ್ತು ಕೆಲವರಲ್ಲಿ ಮಿತಿಮೀರಿ ಸಂಚಯಗೊಂಡ ಸಮಾಜದಲ್ಲಿ ಉಳಿದವರ ಪ್ರಾಣವೂ ಆ ಸಂಪತ್ತಿನ ಒಂದು ಅಂಗವಾಗಿ ಎಣಿಸಲ್ಪಡುತ್ತದೆಂಬುದೇ ಊರ್ ನಗರವು ನಮಗೆ ಕಲಿಸುವ ಪಾಠ. ನಾಗರಿಕತೆಯ ಔನ್ನತ್ಯವನ್ನು ಅದರ ಚಿನ್ನದಿಂದ ಅಳೆಯುವವರು, ಆ ಚಿನ್ನದ ಸಲುವಾಗಿ ಗುಂಡಿಗಿಳಿದವರನ್ನೂ ಲೆಕ್ಕಕ್ಕೆ ಹಿಡಿಯಬೇಕು.